ಸಾಮಿಯಾತಾಳ್ ಹಾಕಿದ ಗ್ರಾಫ್

ಸಾಮಿಯಾತಾಳ್ ಕೆಲಸಕ್ಕೆ ಕುಳಿತಳೆಂದರೆ ಮೊದಲು ಹಾಳೆಯ ಮೇಲೆ ಒಂದು ಬಟ್ಟೆ ಹೊದಿಸುತ್ತಿದ್ದಳು. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಯ ತುಂಡು ಅದು. ಬಲಗೈಯನ್ನು ಅದರ ಅಡಿಗೆ ತೂರಿಸಿ, ಎರಡು ಬೆರಳಗಲದ ಜಾಗವನ್ನು ಮಾತ್ರ ತೆರೆದುಕೊಂಡು ಪೆನ್ಸಿಲ್ ಆಡಿಸುತ್ತಿದ್ದಳು. ಯಾರಾದರೂ ಹಿಂದೆ ಬಂದು ನಿಂತರೆ ಪೆನ್ಸಿಲ್ ನಿಂತುಬಿಡುತ್ತಿತ್ತು. ಬಂದವರು ಹೋಗುವ ತನಕ ಅವಳು ಗೋಡೆಯನ್ನು ನೋಡುತ್ತ ಕೂತಿರುತ್ತಿದ್ದಳು. ಬಂದವರು ಅವಳ ಅತ್ತೆಯಾದರೂ ಅಷ್ಟೆ, ಊರಿನ ಶಾಲೆಯಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟ ನಾನಾದರೂ ಅಷ್ಟೆ.

"ನಿನ್ನ ಸೀರೆಯ ಅಂಚು ಕದ್ದುಕೊಂಡು ಹೋಗಿ ನಾನು ಉಟ್ಟುಕೊಳ್ಳುತ್ತೀನೇನೇ?" ಎಂದು ಒಮ್ಮೆ ಕೇಳಿದೆ.

"ನೀವು ಉಡಲ್ಲ ವಾತ್ಯಾರೇ. ಮನೇಲಿ ಅಮ್ಮೋರು ಉಡ್ತಾರಲ್ಲ," ಎಂದಳು, ಗೋಡೆಯಿಂದ ಕಣ್ಣು ತೆಗೆಯದೆ.

ಕೊಯಮತ್ತೂರಿನ ಕಡೆಯ ಅವಿನಾಶಿಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರದ ಊರು ನಮ್ಮದು. ಹತ್ತಿ ಬೆಳೆಯುವ ಕನ್ನಡ ಗೌಡರ ಮನೆಗಳು ಅಲ್ಲಿ ತಲೆತಲಾಂತರದಿಂದ ನೆಲೆಸಿದ್ದವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಅಲ್ಲಿಗೆ ಮೇಷ್ಟರಾಗಿ, ಅವರ ಮಾತಿನಲ್ಲಿ ವಾತ್ಯಾರಾಗಿ, ಹೋಗುವ ಹೊತ್ತಿಗಾಗಲೇ ಹಲವರು ದನದ ಕೊಟ್ಟಿಗೆಗಳಲ್ಲಿ ಮಗ್ಗ ಹೂಡಿದ್ದರು; ಅವರ ಬಾಯಲ್ಲಿ ಅದು ತರಿ. ಸಾಮಿಯಾತಾಳ್ ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಸೋದರಮಾವನ ಬಳಿ ಸೀರೆಯ ಅಂಚು ಬರೆಯುವುದನ್ನು ಕಲಿತಳು. ಮದುವೆಯಾದದ್ದು ಅದೇ ಊರಿನ ಲಾರಿ ಡ್ರೈವರನನ್ನು. ಅವನು ಸೇಲಂ ರಸ್ತೆಯಲ್ಲೇ ಬದುಕು ಕಳೆಯುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಹೀಗಾಗಿ ಹಾಳೆ, ಪೆನ್ಸಿಲ್, ಆ ಬಟ್ಟೆಯ ತುಂಡು, ಇವೇ ಅವಳ ಸಂಸಾರದ ಬಹುಭಾಗವಾಗಿದ್ದವು.

ಅವಳ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಅಂಚಿನಲ್ಲಿ ಒಂದು ಹಂಸ ಬರಬೇಕೆನ್ನಿ. ಆ ಹಂಸವನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬಿಡಿಸಬೇಕು. ಮಗ್ಗದ ಮೇಲೆ ಉದ್ದಕ್ಕೆ ನಿಂತ ಒಂದೊಂದು ಎಳೆಗೂ ಹಾಳೆಯಲ್ಲಿ ಮೇಲಿಂದ ಕೆಳಗೆ ಒಂದೊಂದು ಸಾಲು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಆ ಸಾಲಿನ ಚೌಕಗಳು ಹೇಳುತ್ತವೆ. ಅದನ್ನು ನೋಡಿಕೊಂಡು ದಪ್ಪ ರಟ್ಟಿನ ಹಾಳೆಗಳಲ್ಲಿ ತೂತು ಕುಟ್ಟುತ್ತಾರೆ. ಆ ರಟ್ಟುಗಳು ಮಗ್ಗದ ನೆತ್ತಿಯ ಮೇಲೇರಿ ಕೂತು ಹಂಸವನ್ನು ನೇಯಿಸುತ್ತವೆ. ಒಂದು ಸಾಲು ಬಿಟ್ಟರೆ ಒಂದು ಎಳೆ ಬಿಟ್ಟ ಹಾಗೆ. "ಸಾಲು ಬಿಟ್ರೆ ಬಟ್ಟೆ ಕಣ್ಣು ಬಿಡ್ತದೆ," ಎಂದು ಸೋದರಮಾವ ಅವಳ ಬೆರಳಿನ ಗಂಟಿಗೆ ಅಳತೆಪಟ್ಟಿಯಿಂದ ಹೊಡೆದು ಕಲಿಸಿದ್ದ. ನೇಕಾರರು ಆ ಚೌಕಳಿ ಹಾಳೆಯನ್ನು ಗ್ರಾಫ್ ಎಂದು ಕರೆಯುತ್ತಿದ್ದರು. ಊರಿನಲ್ಲಿ ಬೇರೆ ಯಾವುದಕ್ಕೂ ಆ ಹೆಸರಿರಲಿಲ್ಲ.

ಹಾಳೆ ಮುಚ್ಚಿಕೊಳ್ಳುವ ಅಭ್ಯಾಸ ಆ ಕಸುಬಿನವರೆಲ್ಲರಿಗೂ ಇತ್ತು. ಸಾಮಿಯಾತಾಳಿಗೆ ಮಾತ್ರ ಅದು ಚಟದಂತಾಗಿತ್ತು, ಅದಕ್ಕೆ ಕಾರಣವೂ ಇತ್ತು. ಊರಿನ ದೊಡ್ಡ ಮಗ್ಗದ ಯಜಮಾನ ಅಯ್ಯಾಸಾಮಿ ಗೌಡರಿಗೆ ಅವಳು ಒಮ್ಮೆ ಒಂದು ನವಿಲಂಚು ಬರೆದುಕೊಟ್ಟಿದ್ದಳು. ಗೌಡರ ಮಗ್ಗದಿಂದ ಮೊದಲ ಸೀರೆ ಇಳಿಯುವ ಮೊದಲೇ ಅದೇ ನವಿಲು ಪಕ್ಕದೂರಿನ ಮಗ್ಗದಲ್ಲಿ ಇಳಿದಿತ್ತು. ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ತಿಳಿಯದಿದ್ದುದರಿಂದಲೇ ಅನುಮಾನ ಒಬ್ಬರ ತಲೆಯ ಮೇಲೆ ನಿಲ್ಲದೆ, ರಟ್ಟು ಕುಟ್ಟುವವನು, ನೇಯುವವನು, ಬರೆದವಳು ಎಂದು ಸುತ್ತುತ್ತಲೇ ಇತ್ತು. ಗೌಡರು ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಲಿಲ್ಲ. ಕೊಡುವಾಗ ಮಾತ್ರ ಮುಖವನ್ನೊಮ್ಮೆ ದಿಟ್ಟಿಸುತ್ತಿದ್ದರು. ಅವಳೂ ದಿಟ್ಟಿಸುತ್ತಿದ್ದಳು.

ನನ್ನ ತಂಗಿ ಭಾಮಾ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕಿಯಾಗಿದ್ದಳು. ನಕ್ಷತ್ರಗಳ ಬೆಳಕಿನ ಮೇಲೆ ಸಂಶೋಧನೆ ಅವಳದು. ಎಂಬತ್ತರ ದಶಕದ ನಡುವಿನ ಮಾತಿದು; ಅವಳ ವಿಭಾಗಕ್ಕೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಅಳತೆಗಳನ್ನೆಲ್ಲ ಕೈಯಿಂದಲೇ ಹಾಳೆಗೆ ಇಳಿಸಿ ಶಾಯಿಯಲ್ಲಿ ತಿದ್ದಬೇಕು. ಹಬ್ಬಕ್ಕೆ ಮನೆಗೆ ಬಂದವಳು ಊಟಕ್ಕೆ ಕೂತಲ್ಲಿಯೂ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು. ಗ್ರಾಫ್ ಹಾಕುವವಳು ಒಬ್ಬಳಿದ್ದಾಳೆ, ಕೈ ಬಹಳ ಶುದ್ಧ ಎಂದು ನಾನು ಸಾಮಿಯಾತಾಳನ್ನು ಕರೆಸಿದೆ.

"ಗ್ರಾಫ್ ಹಾಕೋಕೆ ಬರುತ್ತೇನಮ್ಮ?" ಎಂದಳು ಭಾಮಾ.

"ಚಿಕ್ಕವಯಸ್ಸಿಂದ ಅದೇ ತಾನೇ ಅಕ್ಕಾ ಹಾಕ್ತಿರೋದು? ನಿದ್ದೇಲಿ ಎಬ್ಬಿಸಿ ಕೇಳಿ, ಹಾಕ್ತೀನಿ."

"ಅಂಕೆಗಳ ಪಟ್ಟಿ ಕೊಡ್ತೀನಿ. ಎಡಗಡೆ ಒಂದು ಅಂಕೆ, ಬಲಗಡೆ ಒಂದು. ಬಲಗಡೇದು ಎತ್ತರ."

"ಎತ್ತರಕ್ಕೆ ಚುಕ್ಕಿ ಇಡೋದು, ಸೇರಿಸೋದು. ಅಷ್ಟೇ ತಾನೇ?"

"ಅಷ್ಟೇ."

ಎಡಗಡೆಯ ಅಂಕೆ ಏನೆಂದು ಅವಳು ಕೇಳಲಿಲ್ಲ, ಭಾಮಾ ಹೇಳಲೂ ಇಲ್ಲ. ಎಲ್ಲರಿಗೂ ನೆಮ್ಮದಿಯಾಗಿತ್ತು.

ಆ ಎಡಗಡೆಯ ಅಂಕೆಯಲ್ಲಿಯೇ ಇಡೀ ಕಥೆ ಇದೆಯಾದ್ದರಿಂದ ಓದುಗರಿಗೆ ಈಗಲೇ ಹೇಳಿಬಿಡುವುದು ಮೇಲು. ನಕ್ಷತ್ರದ ಬೆಳಕನ್ನು ಮುಮ್ಮೂಲೆಯ ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ನೇರಳೆಯಿಂದ ಕೆಂಪಿನವರೆಗೆ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಪ್ರತಿಯೊಂದು ಬಣ್ಣದ ಜಾಗಕ್ಕೂ ಒಂದು ಸಂಖ್ಯೆ ಇದೆ, ಅದೇ ತರಂಗಾಂತರ. ಎಡಗಡೆ ಇದ್ದುದು ಆ ಸಂಖ್ಯೆ; ಬಲಗಡೆ ಇದ್ದುದು ಅಲ್ಲಿ ಬೆಳಕು ಎಷ್ಟಿದೆ ಎಂಬ ಅಳತೆ. ಪಟ್ಟಿಯ ನಡುನಡುವೆ ಕಪ್ಪು ಗೆರೆಗಳು ಬರುತ್ತವೆ. ನಕ್ಷತ್ರದ ಮೇಲಿನ ಜಲಜನಕ ಬೆಳಕನ್ನು ನುಂಗಿದ ಜಾಗ ಅದು. ಹಾಳೆಯ ಮೇಲೆ ಅದು ಒಂದು ಹಳ್ಳದಂತೆ ಕಾಣುತ್ತದೆ. ಹಳ್ಳ ಇರಬೇಕಾದಲ್ಲಿಂದ ನೇರಳೆಯ ಕಡೆಗೆ ಜರುಗಿದರೆ ನಕ್ಷತ್ರ ನಮ್ಮತ್ತ ಬರುತ್ತಿದೆ ಎಂದರ್ಥ. ಕೆಂಪಿನ ಕಡೆಗೆ ಜರುಗಿದರೆ ದೂರ ಹೋಗುತ್ತಿದೆ ಎಂದರ್ಥ.

ಸಾಮಿಯಾತಾಳ್ ವಾರದಲ್ಲಿ ಎರಡು ಮೂರು ದಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರತೊಡಗಿದಳು. ಬಟ್ಟೆಯ ತುಂಡೂ ಜೊತೆಗೆ ಹೋಯಿತು. ನಕ್ಷತ್ರದ ಗ್ರಾಫನ್ನು ಕದಿಯುವವರು ಯಾರೂ ಇಲ್ಲವೆಂದು ಭಾಮಾ ನಕ್ಕಳು. "ಇಲ್ಲಾಂತ ನಿಮಗೆ ಹೇಗೆ ಗೊತ್ತು?" ಎಂದು ಇವಳು ಕೇಳಿದಳಂತೆ. ಅಂಚಿನ ಗ್ರಾಫಿನಲ್ಲಿ ಮೊದಲ ಎಳೆಯ ಸಂಖ್ಯೆ, ಕೊನೆಯ ಎಳೆಯ ಸಂಖ್ಯೆ ಇಷ್ಟನ್ನೇ ಅಡಿಯಲ್ಲಿ ಬರೆಯುವುದು ವಾಡಿಕೆ. ಇಲ್ಲಿಯೂ ಹಾಗೆಯೇ ಎಡತುದಿಗೊಂದು, ಬಲತುದಿಗೊಂದು ಸಂಖ್ಯೆ ಬರೆದು, ಚುಕ್ಕಿಗಳನ್ನು ಶಾಯಿಯ ಗೆರೆಯಿಂದ ಸೇರಿಸಿ, ಪೆನ್ಸಿಲಿನ ಗುರುತುಗಳನ್ನೆಲ್ಲ ಒರೆಸಿ ಕೊಡುತ್ತಿದ್ದಳು. ನಡುವಿನ ಜಾಗವನ್ನು ಭಾಮಾ ಅಳತೆಪಟ್ಟಿ ಇಟ್ಟು ಓದಿಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಒಂದು ತಪ್ಪೂ ಸಿಗಲಿಲ್ಲ. ವಿಭಾಗದ ಮುಖ್ಯಸ್ಥರಾದ ನಂಜಪ್ಪನ್ ಸುಲಭವಾಗಿ ಯಾರನ್ನೂ ಹೊಗಳುವವರಲ್ಲ. ಅವರೇ ಒಂದು ಹಾಳೆಯನ್ನು ಗಾಜಿನ ಚೌಕಟ್ಟಿಗೆ ಹಾಕಿಸಿ ಗೋಡೆಗೆ ತೂಗಿಸಿದರು.

ಆಮೇಲೆ ಬಸವರಾಜ ಬಂದ. ಧಾರವಾಡದ ಕಡೆಯ ಹುಡುಗ, ಭಾಮಾಳ ಕೈಕೆಳಗೆ ಸಂಶೋಧನೆಗೆ ಸೇರಿದವನು. ಚುರುಕಿನವನು, ಆತುರಗಾರ. ದೂರದ ವೀಕ್ಷಣಾಲಯದಿಂದ ಎರವಲು ತಂದ ಒಂದು ಗಾಜಿನ ಫಲಕದ ಮೇಲೆ ನಕ್ಷತ್ರವೊಂದರ ಬೆಳಕು ಅಚ್ಚಾಗಿತ್ತು. ಅದೇ ನಕ್ಷತ್ರದ ಹಳೆಯ ಫಲಕವೊಂದನ್ನು ಭಾಮಾ ಹಿಂದೆಯೇ ಅಳೆದಿದ್ದಳು. ಅದರ ಹಾಳೆಯೇ ಗೋಡೆಯ ಮೇಲಿದ್ದುದು. ಹೊಸ ಫಲಕವನ್ನು ಬೇಗ ಹಿಂದಿರುಗಿಸಬೇಕಾಗಿತ್ತು. ಬಸವರಾಜ ಒಂದು ಉಪಾಯ ಮಾಡಿದ. ನೇರಳೆಯ ಬದಿಯಿಂದ ಹೊರಟು ಏನೂ ಇಲ್ಲದ ಬಯಲಿನಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಅಳೆದ. ಕಪ್ಪು ಗೆರೆಯ ಹತ್ತಿರ ಬಂದಾಗ ಇರುವೆಯಂತೆ ಒತ್ತೊತ್ತಾಗಿ ಅಳೆದ. ಗೆರೆ ದಾಟಿ ಸ್ವಲ್ಪ ಹೋಗಿ ನಿಲ್ಲಿಸಿದ. ಇದರಲ್ಲಿ ತಪ್ಪೇನೂ ಇಲ್ಲ. ಬೇಕಾದಲ್ಲಿ ಸೂಕ್ಷ್ಮವಾಗಿ ನೋಡುವುದು ಒಳ್ಳೆಯದೇ. ಅಂಕೆಗಳ ಪಟ್ಟಿಯನ್ನು ಸಾಮಿಯಾತಾಳಿಗೆ ಕೊಟ್ಟ, ಫಲಕವನ್ನು ಕಟ್ಟಿ ಕಳುಹಿಸಿದ. ನಡುವೆ ಒಮ್ಮೆ ಪಟ್ಟಿಯನ್ನು ಅವಳಿಂದ ಹಿಂದಕ್ಕೆ ಇಸಿದುಕೊಂಡು, ಅಕ್ಷರ ಕೆಟ್ಟದಾಗಿದೆಯೆಂದು ಅಂದವಾಗಿ ಮತ್ತೆ ಬರೆದುಕೊಟ್ಟ. ಮುಂದೆ ಇದು ಅವನಿಗೇ ಮುಳುವಾಯಿತು.

ಹೊಸ ಹಾಳೆ ತಯಾರಾದ ದಿನ ಭಾಮಾ ಅದನ್ನು ಹಳೆಯದರ ಪಕ್ಕದಲ್ಲಿ ಹಿಡಿದಳು. ಹಳ್ಳ ನೇರಳೆಯ ಕಡೆಗೆ ಬಹಳ ದೂರ ಜರುಗಿತ್ತು. ಜರುಗಿದ್ದು ಮಾತ್ರವಲ್ಲ, ಬಾವಿಯಂತಿದ್ದದ್ದು ಕೆರೆಯಂತೆ ಅಗಲವಾಗಿತ್ತು.

"ಮೇಡಂ, ಇದು ನಮ್ಮ ಕಡೀನ ಬರಾಕತ್ತೈತ್ರಿ!" ಎಂದು ಬಸವರಾಜ ಕುಣಿದುಬಿಟ್ಟ.

"ಇಷ್ಟು ವೇಗವಾಗಿ ಬರೋಕೆ ಅದಕ್ಕೇನಪ್ಪ, ರೈಲು ತಪ್ಪಿಹೋಗುತ್ತಾ?" ಎಂದಳು ಭಾಮಾ. ಅವಳಿಗೆ ನಗು ಬರಲಿಲ್ಲ. ಅಂಕೆಗಳ ಪಟ್ಟಿಯನ್ನು ತರಿಸಿ ನೋಡಿದಳು. ಪಟ್ಟಿಯಲ್ಲಿ ಅತಿ ಕಡಿಮೆ ಬೆಳಕು ಹಳೆಯ ತರಂಗಾಂತರದ ಎದುರಿಗೇ ಇತ್ತು. ಪಟ್ಟಿಯ ಪ್ರಕಾರ ಗೆರೆ ಜರುಗಿಲ್ಲ, ಹಾಳೆಯ ಪ್ರಕಾರ ಜರುಗಿದೆ.

ವಿಷಯ ನಂಜಪ್ಪನ್ ಅವರ ಕಿವಿಗೆ ಬಿತ್ತು. ಅವರು ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು, ಇವುಗಳಲ್ಲಿ ಒಂದು ಸುಳ್ಳು, ಯಾವುದೆಂದು ತಿಳಿಯುವವರೆಗೆ ಈ ಕೋಣೆಯಿಂದ ಒಂದು ಹಾಳೆಯೂ ಹೊರಗೆ ಹೋಗಕೂಡದು ಎಂದು ತಮಿಳಿನಲ್ಲಿ ಅಪ್ಪಣೆ ಮಾಡಿದರು. ಗೋಡೆಯ ಮೇಲಿನ ಚೌಕಟ್ಟನ್ನೂ ಇಳಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಸಾಮಿಯಾತಾಳ ಕಣ್ಣೆದುರಿಗೇ ನಡೆಯಿತು.

"ಆಕಿ ಬಟ್ಟಿ ಮುಚ್ಕೊಂಡು ಒಳಗ ಏನ್ ಬರೀತಾಳ ಯಾರಿಗೆ ಗೊತ್ರೀ?" ಎಂದ ಬಸವರಾಜ. "ಸೀರಿ ಅಂಚು ಬರಿಯೋ ಕೈ. ಚಂದ ಕಾಣ್ಲಿ ಅಂತ ಒಂಚೂರು ಅಗಲ ಮಾಡಿರಬೇಕು."

ಸಾಮಿಯಾತಾಳಿಗೆ ಅವನ ಮಾತು ಪೂರ್ತಿ ಅರ್ಥವಾಗಲಿಲ್ಲ. ಆ ಕಡೆಯ ಕನ್ನಡ ಅವಳಿಗೆ ಅರ್ಧ ತೆಲುಗಿನಂತೆ ಕೇಳುತ್ತಿತ್ತು. ಆದರೂ ಬಟ್ಟೆ, ಸೀರೆ ಎಂಬ ಮಾತುಗಳು ತಿಳಿದವು.

"ತಂಬೀ, ಪಟ್ಟಿ ನನ್ನ ಕೈಯಿಂದ ಕಿತ್ಕೊಂಡು ಹೋಗಿ ಬೇರೆ ಬರ್ಕೊಂಡು ಬಂದೋರು ಯಾರು? ನಾನಾ?" ಎಂದಳು. "ನನ್ನ ಬಟ್ಟೆ ಅಡೀಲಿ ಏನಿತ್ತು ಅಂತ ಆಮೇಲೆ ಕೇಳು. ನಿನ್ನ ಕೋಣೆ ಒಳಗೆ ಏನು ನಡೀತು, ಅದನ್ನ ಹೇಳು ಮೊದಲು."

ಭಾಮಾ ಆ ಸಂಜೆ ಹಾಳೆಯ ಎತ್ತರಗಳನ್ನು ಪಟ್ಟಿಯೊಡನೆ ಹೋಲಿಸಿ ನೋಡಿದಳು. ಅತಿ ಹೆಚ್ಚು, ಅತಿ ಕಡಿಮೆ, ನಡುವಿನ ಏರಿಳಿತ, ಎಲ್ಲವೂ ಕೂದಲೆಳೆಯಷ್ಟು ತಪ್ಪಿಲ್ಲದೆ ಹಾಳೆಯ ಮೇಲಿದ್ದವು. ಎತ್ತರಗಳೆಲ್ಲ ನಿಜ, ಜಾಗಗಳು ಮಾತ್ರ ಸುಳ್ಳು. ಹಾಗಾದರೆ ಪಟ್ಟಿಯ ಎಡಗಡೆಯ ಅಂಕೆಗಳನ್ನು ಯಾರೋ ಆಮೇಲೆ ತಿದ್ದಿರಬೇಕೆಂದು ನಂಜಪ್ಪನ್ ತೀರ್ಮಾನಿಸಿದರು. ಅನುಮಾನ ಸಾಮಿಯಾತಾಳ ತಲೆಯಿಂದ ಇಳಿದು ಬಸವರಾಜನ ತಲೆಗೇರಿತು. ಮೊದಲು ಬರೆದ ಪಟ್ಟಿ ಎಲ್ಲಿ ಎಂದು ಕೇಳಿದರೆ ಅವನು ಅದನ್ನು ಆಗಲೇ ಹರಿದು ಎಸೆದಿದ್ದ.

ಆ ಭಾನುವಾರ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿ ನಮ್ಮೂರಿಗೆ ಬಂದ. ಅಯ್ಯಾಸಾಮಿ ಗೌಡರ ಜಗಲಿಯನ್ನೇರಿ ಕುಳಿತು, ಈ ಹೆಂಗಸು ತಾನಾಗಿ ಗ್ರಾಫ್ ಬದಲಾಯಿಸುವುದುಂಟೇ ಎಂದು ವಿಚಾರಿಸಿದ. ಕೇಳಿದ್ದು ಇಷ್ಟೇ. ಆದರೆ ಕೊಯಮತ್ತೂರಿನ ಕಾಲೇಜಿನಿಂದ ಪ್ಯಾಂಟು ಹಾಕಿಕೊಂಡು ಬಂದವನೊಬ್ಬ ಈ ಮಾತು ಕೇಳಿದನೆಂದರೆ ಊರಿಗೆ ಬೇರೆ ಸಾಕ್ಷಿ ಬೇಕೇ? ನವಿಲು ಮತ್ತೆ ಎದ್ದು ಕೂತಿತು.

ಮಾರನೆಯ ಬೆಳಿಗ್ಗೆ ಸಾಮಿಯಾತಾಳ್ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ನನ್ನ ಹೆಂಡತಿ ಒಳಗೆ ಕರೆದರೂ ಬರಲಿಲ್ಲ.

"ಗೌಡ್ರು ಹೊಸ ಅಂಚಿನ ಮಾದರಿ ಚಿತ್ರ ಗ್ರಾಫ್ ಹಾಕೋಕೆ ಕೊಟ್ಟಿದ್ರು. ನಿನ್ನೆ ಸಾಯಂಕಾಲ ಮನೆಗೆ ಬಂದು ವಾಪಸ್ ತಗೊಂಡು ಹೋದ್ರು. ಸ್ವಲ್ಪ ದಿನ ಇರಲಿ ಅಮ್ಮಿಣೀ ಅಂದ್ರು. ಅತ್ತೆ ಎದುರಿಗೇ."

"ಬೇರೆ ಏನಾದರೂ ಅಂದರೇ?"

"ಬೇರೆ ಏನನ್ನಬೇಕು ವಾತ್ಯಾರೇ? ಈ ಕೆಲಸದಲ್ಲಿ ಮುಗ್ದೋಯ್ತು ಅನ್ನೋದಕ್ಕೆ ಅದೇ ಮಾತು. ಗೌಡ್ರು ಕೊಡಲ್ಲ ಅಂದ್ರೆ ಈ ಸುತ್ತಲ್ಲಿ ಯಾವ ತರಿಯೋರೂ ಕೊಡಲ್ಲ. ನಿಮ್ಮ ತಂಗಿ ನಕ್ಷತ್ರ ಎಲ್ಲಿಗಾದ್ರೂ ಹೋಗಲಿ, ನನ್ನ ಹೆಸರು ಯಾಕೆ ಎಳ್ಕೊಂಡು ಹೋಗಬೇಕು?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು. ನಾನು ಶಾಲೆಗೆ ರಜೆ ಬರೆದುಕೊಟ್ಟು ಅವಳೊಡನೆ ಕೊಯಮತ್ತೂರಿಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು. ಭಾಮಾ ನನ್ನ ತಂಗಿಯಾದ್ದರಿಂದ ನನ್ನ ಮೇಲೆಯೂ ಅನುಮಾನವಿತ್ತೆಂದು ಕಾಣುತ್ತದೆ.

ಕಾಲೇಜಿನಲ್ಲಿ ನಂಜಪ್ಪನ್, ಭಾಮಾ, ಬಸವರಾಜ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಬಸವರಾಜನ ಕಣ್ಣು ಕೆಂಪಾಗಿತ್ತು. ಅವನು ಊರಿಗೆ ಹೋಗಿ ಬಂದದ್ದನ್ನು ನಾನು ಹೇಳಿದೆ. ಭಾಮಾ ಅವನತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಒಂದು ಹೊಸ ಚೌಕಳಿ ಹಾಳೆಯನ್ನೂ ಬಸವರಾಜನ ಪಟ್ಟಿಯನ್ನೂ ಮೇಜಿನ ಮೇಲಿಟ್ಟಳು.

"ಸಾಮಿಯಾತಾ, ಇದನ್ನ ಇನ್ನೊಂದು ಸಲ ಹಾಕು. ನಮ್ಮೆದುರಿಗೆ. ಬಟ್ಟೆ ಬೇಡ."

"ತೆರೆದಿಟ್ಟು ಬರಿ ಅಂದ್ರೆ ಕಳ್ಳಿ ಅಂದ ಹಾಗೆ ಅಕ್ಕಾ."

"ಕಳ್ಳಿ ಅಲ್ಲಾಂತ ಹೇಳೋಕೆ ನನಗೆ ಬೇರೆ ದಾರಿ ಕಾಣ್ತಿಲ್ಲ."

ಸಾಮಿಯಾತಾಳ್ ಬಟ್ಟೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ಅಷ್ಟು ವರ್ಷಗಳಲ್ಲಿ ಅವಳು ಬರೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಪಟ್ಟಿಯ ಮೊದಲ ಅಳತೆಗೆ ಮೊದಲ ಸಾಲಿನಲ್ಲಿ ಎತ್ತರ ನೋಡಿ ಚುಕ್ಕಿ ಇಟ್ಟಳು. ಎರಡನೆಯದಕ್ಕೆ ಎರಡನೆಯ ಸಾಲಿನಲ್ಲಿ. ಮೂರನೆಯದಕ್ಕೆ ಮೂರನೆಯದರಲ್ಲಿ. ಎಡಗಡೆಯ ಅಂಕೆಯ ಕಡೆ ಅವಳು ನೋಡಲೇ ಇಲ್ಲ. ಭಾಮಾ ಕೈಚಾಚಿ ಪೆನ್ಸಿಲನ್ನು ಹಿಡಿದುಕೊಂಡಳು.

"ಈ ಎಡಗಡೆ ಬರೆದಿರೋ ಅಂಕೆ ಏನು?"

"ಎಳೆ ನಂಬರು."

"ಮೊದಲನೇದು ನಾಲ್ಕು ಸಾವಿರದ ಏಳುನೂರು. ಮುಂದಿನದು ನಾಲ್ಕು ಸಾವಿರದ ಏಳುನೂರ ಹತ್ತು. ನಡುವೆ ಇರೋ ಎಳೆಗಳು ಎಲ್ಲಿ?"

"ನೀವು ಕೊಟ್ಟಿಲ್ಲವಲ್ಲ! ಕೊಡದ ಎಳೇನ ನಾನೆಲ್ಲಿಂದ ತರಲಿ? ಇರೋದನ್ನ ಒತ್ತೊತ್ತಿಗೆ ಹಾಕ್ದೆ. ಸಾಲು ಬಿಟ್ರೆ ಬಟ್ಟೆ ಕಣ್ಣು ಬಿಡಲ್ವಾ?"

ಬಸವರಾಜ ಮೊದಲು ನಕ್ಕ. ನಗು ಅರ್ಧಕ್ಕೇ ನಿಂತುಹೋಯಿತು. ಭಾಮಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಗ್ರಾಫ್ ಹಾಕೋಕೆ ಬರುತ್ತಾ ಅಂತ ಕೇಳಿದೆ. ಬರುತ್ತೆ ಅಂದಳು. ಅವಳ ಗ್ರಾಫ್ ಬೇರೆ, ನನ್ನ ಗ್ರಾಫ್ ಬೇರೆ ಅಂತ ಇಬ್ಬರಿಗೂ ಹೊಳೀಲಿಲ್ಲ."

ನಂಜಪ್ಪನ್ ಅವರಿಗೆ ಇನ್ನೂ ಸಂಶಯ. ಇಷ್ಟು ತಿಂಗಳು ಸರಿಯಾಗಿ ಬಂದದ್ದು ಈಗ ಹೇಗೆ ತಪ್ಪಿತು, ನೀವೆಲ್ಲ ಸೇರಿ ಒಂದು ಕಥೆ ಕಟ್ಟಿದ್ದೀರಾ ಎಂದು ಕೇಳಿದರು. ಭಾಮಾ ಎದ್ದು ಹಲಗೆಯ ಮೇಲೆ ಉದ್ದವಾದ ಗೆರೆ ಎಳೆದಳು.

"ಇದು ಕೊಯಮತ್ತೂರಿಂದ ಅವಿನಾಶಿಗೆ ಹೋಗೋ ರಸ್ತೆ ಸಾರ್. ಪ್ರತಿ ಮೈಲಿಗೊಂದು ಗುರುತು ಹಾಕಿ, ಗುರುತುಗಳನ್ನ ಸಮದೂರದಲ್ಲಿ ಬರೆದರೆ ಯಾವ ತೊಂದರೆಯೂ ಇಲ್ಲ. ರಸ್ತೆ ರಸ್ತೆಯ ಹಾಗೇ ಇರುತ್ತೆ. ನಾನು ಇಷ್ಟು ದಿನ ಅಳೆದದ್ದು ಹಾಗೆ. ಈ ಸಲ ಬಸವರಾಜ ಏನು ಮಾಡಿದ? ದಾರಿಯಲ್ಲಿ ದೊಡ್ಡ ಸ್ಟಾಪುಗಳನ್ನ ಮಾತ್ರ ಬರೆದುಕೊಂಡ. ಅವಿನಾಶಿ ಒಳಗೆ ಬಂದಮೇಲೆ ಒಂದೊಂದು ಅಂಗಡಿಯನ್ನೂ ಬರೆದುಕೊಂಡ. ದೇವಸ್ಥಾನ ದಾಟಿ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. ಇವಳು ಸ್ಟಾಪಿಗೂ ಅಂಗಡಿಗೂ ಒಂದೇ ಅಂತರ ಕೊಟ್ಟಳು. ಈಗ ನಕ್ಷೆ ನೋಡಿದರೆ ಅವಿನಾಶಿ ಕೊಯಮತ್ತೂರಿಗಿಂತ ದೊಡ್ಡ ಊರು. ದೇವಸ್ಥಾನ ಅರ್ಧ ದಾರಿ ನಡೆದು ನಮ್ಮ ಹತ್ತಿರ ಬಂದುಬಿಟ್ಟಿದೆ."

ನಂಜಪ್ಪನ್ ಹಲಗೆಯನ್ನೂ 'ಜರುಗಿದ' ಹಳ್ಳವನ್ನೂ ನೋಡಿದರು. "ಅಂದರೆ ನಕ್ಷತ್ರ?"

"ಅಲ್ಲೇ ಇದೆ ಸಾರ್. ಎಲ್ಲಿಗೂ ಬಂದಿಲ್ಲ."

ಬಸವರಾಜನ ಮುಖ ನೋಡಲಾಗಲಿಲ್ಲ. ಅಂಕೆ ತಿದ್ದಿದನೆಂಬ ಅಪವಾದ ಹೋಯಿತು, ಜೊತೆಗೆ ನಕ್ಷತ್ರವೂ ಹೋಯಿತು.

ಅಂದು ಮಧ್ಯಾಹ್ನವೇ ಸಾಮಿಯಾತಾಳ್ ಭಾಮಾ ಹೇಳಿದಂತೆ ಇನ್ನೊಂದು ಹಾಳೆ ಹಾಕಿದಳು. ಎಡಗಡೆಯ ಅಂಕೆ ಎಷ್ಟು ಹೆಚ್ಚಿತೋ ಅಷ್ಟು ಸಾಲು ಬಿಟ್ಟು ಚುಕ್ಕಿ. ನೇರಳೆಯ ಬದಿಯಲ್ಲಿ ಚುಕ್ಕಿಗಳು ಒಂದರಿಂದೊಂದು ದೂರ ದೂರ ನಿಂತವು. ಕಪ್ಪು ಗೆರೆಯ ಬಳಿ ಸಂತೆಯಂತೆ ಕಿಕ್ಕಿರಿದವು. ಹಳ್ಳ ತನ್ನ ಹಳೆಯ ಜಾಗಕ್ಕೆ ಹೋಗಿ, ಹಳೆಯ ಅಗಲಕ್ಕೇ ಕುಗ್ಗಿತು. ಒಂದೊಂದು ಖಾಲಿ ಸಾಲು ದಾಟುವಾಗಲೂ ಅವಳು ಹಲ್ಲು ಕಚ್ಚುತ್ತಿದ್ದಳು.

"ಸೇರಿಸಲಾ?" ಎಂದು ಶಾಯಿಪೆನ್ನು ಎತ್ತಿಕೊಂಡಳು.

"ಬೇಡ. ಚುಕ್ಕಿಗಳನ್ನ ಹಾಗೇ ಬಿಡು, ಒರೆಸಲೂಬೇಡ," ಎಂದಳು ಭಾಮಾ. "ದೂರ ದೂರ ಇರೋ ಎರಡು ಚುಕ್ಕಿಗಳ ನಡುವೆ ಗೆರೆ ಎಳೆದುಬಿಟ್ಟರೆ, ಅಲ್ಲೂ ನಾವು ನೋಡಿದ್ದೇವೆ ಅಂತ ನೋಡುವವರು ತಿಳಿದುಕೊಳ್ತಾರೆ. ನೋಡಿಲ್ಲವಲ್ಲ. ಅಲ್ಲಿ ಒಂದು ಸಣ್ಣ ಗೆರೆ ಅಡಗಿ ಕೂತಿದ್ದರೂ ನಮಗೆ ಗೊತ್ತಾಗಲ್ಲ."

"ಅಡಗಿ ಕೂತಿರ್ತದೆ ಬಿಡಿ," ಎಂದಳು ಸಾಮಿಯಾತಾಳ್ ಖಂಡಿತವಾಗಿ.

ಬಸವರಾಜ ಬಳಿಗೆ ಬಂದು ತಲೆತಗ್ಗಿಸಿ ನಿಂತ. "ತಪ್ಪಾತ್ರೀ ಅಕ್ಕಾ."

"ಇಲ್ಲಿ ಹೇಳಿದ್ರೆ ಏನು ಬಂತು ತಂಬೀ? ಕೇಳಿದ್ದು ಗೌಡ್ರ ಜಗಲಿ ತಿಣ್ಣೆ ಮೇಲೆ. ಅಲ್ಲಿ ಬಂದು ಹೇಳು."

ಮುಂದಿನ ಭಾನುವಾರ ಭಾಮಾ, ಬಸವರಾಜ, ಸಾಮಿಯಾತಾಳ್, ನಾನು ನಾಲ್ವರೂ ಅಯ್ಯಾಸಾಮಿ ಗೌಡರ ಮನೆಗೆ ಹೋದೆವು. ಗೌಡರು ಜಗಲಿಯ ಮೇಲೆ ನೂಲಿನ ಕಂಡಿಕೆಗಳನ್ನು ಬೇರ್ಪಡಿಸುತ್ತಿದ್ದರು. ಒಬ್ಬರ ಹಿಂದೆ ಒಬ್ಬರಾಗಿ ಇಷ್ಟು ಜನ ಬರುವುದನ್ನು ಕಂಡು ಅವರ ಕಣ್ಣು ಕಿರಿದಾಯಿತು. "ಏನು ವಾತ್ಯಾರೇ, ಪಂಚಾಯ್ತಿಯಾ?" ಎಂದರು. ಮೊದಲು ಕೂರಲು ಹೇಳಲೂ ಇಲ್ಲ.

ಭಾಮಾ ಎರಡು ಹಾಳೆಗಳನ್ನೂ ಅವರೆದುರು ಹಾಸಿದಳು, ತಪ್ಪಿನದನ್ನೂ ಸರಿಯಾದದ್ದನ್ನೂ. ವಿಷಯ ವಿವರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೌಡರು ಕೈಯೆತ್ತಿ ಸುಮ್ಮನಿರಿಸಿದರು. ಕನ್ನಡಕ ಹಾಕಿಕೊಂಡು, ಒಂದೊಂದು ಹಾಳೆಯನ್ನೂ ಬೆಳಕಿಗೆ ಎತ್ತಿ ಹಿಡಿದು, ಬಟ್ಟೆಯನ್ನು ನೋಡುವಂತೆ ನೋಡಿದರು. ಆಮೇಲೆ ಸರಿಯಾದ ಹಾಳೆಯ ಮೇಲೆ ಬೆರಳಿಟ್ಟರು.

"ಇದು ಯಾರು ಹಾಕಿದ್ದು?"

ಉತ್ತರಕ್ಕೆ ಕಾಯದೆ ಅವರು ಖಾಲಿ ಸಾಲುಗಳ ಮೇಲೆ ಬೆರಳು ಓಡಿಸಿದರು.

"ಯಾರೇ ಆಗಲಿ, ಈ ಕೆಲಸ ಗೊತ್ತಿಲ್ಲ. ಸಾಲು ಸಾಲೇ ಖಾಲಿ ಬಿಟ್ಟವ್ರೆ. ಇದನ್ನ ತರಿಗೆ ಏರಿಸಿದ್ರೆ ಬಟ್ಟೆ ಬರಲ್ಲ, ಮೀನು ಹಿಡಿಯೋ ಬಲೆ ಬರ್ತದೆ." ಇನ್ನೊಂದನ್ನು ಎತ್ತಿಕೊಂಡರು. "ಇದು ನಮ್ಮ ಸಾಮಿಯಾತಾ ಕೈ. ಒಂದು ಎಳೆ ಬಿಟ್ಟಿಲ್ಲ, ಒಂದು ಹೆಚ್ಚಿಲ್ಲ. ಇದು ಗ್ರಾಫು."

"ಇಲ್ರೀ ಗೌಡ್ರ, ಅದು ಉಲ್ಟಾ..." ಎಂದು ಬಸವರಾಜ ಬಾಯಿ ಹಾಕಿದ.

"ಬಸವರಾಜ," ಎಂದಳು ಭಾಮಾ ಮೆಲ್ಲಗೆ. "ನೀನು ಹೇಳೋಕೆ ಬಂದದ್ದು ಏನು?"

ಅವನು ಎರಡು ಹಾಳೆಗಳನ್ನೂ ನೋಡಿದ, ಸಾಮಿಯಾತಾಳನ್ನೂ ನೋಡಿದ. ನಕ್ಷತ್ರ, ತರಂಗಾಂತರ ಎಲ್ಲವನ್ನೂ ನುಂಗಿಕೊಂಡ. "ಆಕಿ ಏನೂ ಬದಲು ಮಾಡಿಲ್ರೀ. ನಾ ಸುಮ್ನ ಅನುಮಾನ ಪಟ್ಟೆ. ತಪ್ಪು ನಂದು."

"ಅದು ಹಾಳೆ ನೋಡಿದ್ರೇ ತಿಳೀತಲ್ಲ ತಂಬೀ. ನೀನು ಹೇಳಬೇಕಾ?" ಎಂದು ಗೌಡರು ಕೂರಲು ಚಾಪೆ ತೋರಿಸಿದರು. ಒಳಗಿನಿಂದ ಅಂಚಿನ ಮಾದರಿಯನ್ನು ತಂದು ಸಾಮಿಯಾತಾಳ ಮುಂದೆ ಹಿಡಿದರು. "ತಗೋ ಅಮ್ಮಿಣೀ. ಬೇಗ ಹಾಕಿಕೊಡು, ತರಿ ಖಾಲಿ ನಿಂತದೆ."

ಸಾಮಿಯಾತಾಳ್ ಕೈ ಚಾಚಲಿಲ್ಲ. "ಯಾರೋ ಬಂದು ಕೇಳಿದ್ರು ಅಂತ ನಮ್ಮ ಮನೆಗೆ ಬಂದು ಕಿತ್ಕೊಂಡು ಹೋದ್ರಿ ಗೌಡ್ರೇ. ಅದಕ್ಕೆ ಮೊದಲು ನನ್ನ ಒಂದು ಮಾತು ಕೇಳಬೇಕಿತ್ತಲ್ಲ?"

ಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. ಆ ವಯಸ್ಸಿನ, ಆ ಮನೆತನದ ಗಂಡಸು ಒಬ್ಬ ಹೆಂಗಸಿಗೆ ನಾಲ್ಕು ಜನರೆದುರು ಉತ್ತರ ಕೊಡುವುದನ್ನು ನಾನು ಆ ಊರಿನಲ್ಲಿ ಹೆಚ್ಚಾಗಿ ಕಂಡಿರಲಿಲ್ಲ.

"ಕೇಳಬೇಕಿತ್ತು," ಎಂದರು.

ಆಗ ಅವಳು ಮಾದರಿಯನ್ನು ತೆಗೆದುಕೊಂಡಳು. ಮಡಿಸಿಟ್ಟುಕೊಳ್ಳಲಿಲ್ಲ. ತಿರುಗಿಸಿ ಹಿಂಬದಿ ನೋಡಿದಳು, ಅಂಚುಗಳ ಮೇಲೆ ಬೆರಳಾಡಿಸಿದಳು, ಒಂದು ಮೂಲೆಯನ್ನು ಬಿಸಿಲಿಗೆ ಹಿಡಿದಳು.

"ನಡುವೆ ಇದನ್ನ ಬೇರೆ ಯಾರ ಕೈಗಾದ್ರೂ ಕೊಟ್ಟಿದ್ರಾ?"

ಗೌಡರ ನೋಟ ಮಗ್ಗದ ಕೊಟ್ಟಿಗೆಯ ಕಡೆಗೆ ಹೋಯಿತು. "ಕೊಟ್ಟಿದ್ದೆ. ಒಂದೇ ದಿನ. ಆಗಲ್ಲಾಂತ ವಾಪಸ್ ಕೊಟ್ರು."

"ಒಂದು ದಿನ ಸಾಲದಾ?" ಎಂದು ಸಾಮಿಯಾತಾಳ್ ಮಾದರಿಯನ್ನು ಅವರ ಮುಂದೆ ಚಾಪೆಯ ಮೇಲಿಟ್ಟು ಸರಿಸಿದಳು. "ಇದು ಬೇಡ ಗೌಡ್ರೇ. ನಾಳೆ ಇದು ಇನ್ನೊಂದು ಊರಲ್ಲಿ ಇಳಿದ್ರೆ ಮತ್ತೆ ನನ್ನ ಮುಖಾನೇ ನೋಡ್ತೀರಿ. ಯಾರೂ ನೋಡದೇ ಇರೋ ಹೊಸದು ಕೊಡಿ."

ಗೌಡರು ಅವಳನ್ನು ದಿಟ್ಟಿಸಿದರು. ಎಂದಿನಂತೆ ಅವಳೂ ದಿಟ್ಟಿಸಿದಳು. ಈ ಸಲ ಮೊದಲು ಕಣ್ಣು ತಗ್ಗಿಸಿದವರು ಗೌಡರು. ಎದ್ದು ಒಳಗೆ ಹೋದರು. ಮಾದರಿಗಳ ಪೆಟ್ಟಿಗೆಯ ಬೀಗ ತೆಗೆಯುವ ಸದ್ದು ನಮಗೆಲ್ಲ ಕೇಳಿಸಿತು.